ಅಂಗಾಲಿಗೊಂದು ಮೆತ್ತೆ

ನಮ್ಮಲ್ಲಿ ಹೆಣ್ಣಿನ ಕಾಲಿಗೆ ಹೊರಿಸಿರುವಷ್ಟು ಹೊಣೆಯನ್ನು ಬೇರೆ ಯಾವ ಅಂಗಕ್ಕೂ ಹೊರಿಸಿಲ್ಲ. ಹೊಸ ಸೊಸೆ ಹೊಸಿಲ ಮೇಲಿನ ಸೇರಕ್ಕಿಯನ್ನು ಒದ್ದು ಒಳಗೆ ಬಂದ ದಿನದಿಂದ, ಮನೆಯಲ್ಲಿ ಹಸು ಕರು ಹಾಕಿದರೂ ಅವಳ ಕಾಲ್ಗುಣ, ಮಾವನವರ ಪೆನ್ಷನ್ ಕಾಗದ ತಡವಾದರೂ ಅವಳ ಕಾಲ್ಗುಣ. ತೊಟ್ಟಿಲ ಕೂಸಾಗಿದ್ದಾಗಲೇ ಗೆಜ್ಜೆ, ಮದುವೆಯ ದಿನ ಕಾಲುಂಗುರ, ಹಬ್ಬಕ್ಕೆ ಅರಿಶಿನ. ಇಷ್ಟೆಲ್ಲ ಉಪಚಾರ ನಡೆದರೂ "ಕಾಲು ನೋಯುತ್ತದೇನಮ್ಮ?" ಎಂದು ಕೇಳುವವರು ಅಪರೂಪ. ಕೇಳಿದರೂ ನಮ್ಮ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಅದೇನು ಬಿಡಿ, ವಯಸ್ಸಾಯ್ತಲ್ಲ!"

ಈಚಿನ ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅಂಗಡಿಯವರು ಕೇಳತೊಡಗಿದ್ದಾರೆ. ಬೆಂಗಳೂರಿನ ಉತ್ತರಕ್ಕಿರುವ ನಮ್ಮ ಅಬ್ಬಿಗೆರೆಯಲ್ಲೂ ಔಷಧದ ಅಂಗಡಿಯ ಮುಂದೆ, ಶಾಂಪೂ ಚೀಟಿಗಳ ಪಕ್ಕದಲ್ಲೇ, ನೀಲಿ ಬಣ್ಣದ ಮೆತ್ತನೆಯ ಅಟ್ಟೆಗಳು ತೂಗಾಡುತ್ತವೆ. ಒತ್ತಿದರೆ ಬೆರಳು ಒಳಗಿಳಿಯುತ್ತದೆ, ಬಿಟ್ಟರೆ ನಿಧಾನವಾಗಿ ಮೊದಲಿನಂತಾಗುತ್ತದೆ. ಜೆಲ್ ಸೋಲ್ ಎಂದು ಕೇಳಿದರೆ ಕೊಡುತ್ತಾರೆ. ಬೂಟಿನೊಳಗೆ ಪೂರ್ತಿ ಹಾಸುವಂಥದ್ದೂ ಉಂಟು, ಹಿಮ್ಮಡಿಗೆ ಮಾತ್ರ ಇಡುವ ಬಟ್ಟಲಿನಂಥದ್ದೂ ಉಂಟು. ನೋಡಲು ಐಷಾರಾಮಿ ಪದಾರ್ಥದಂತೆ ಕಾಣುವ ಈ ಮೆತ್ತೆಯ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ. ಅದರಲ್ಲಿ ಹಿಮದಲ್ಲಿ ಸತ್ತ ಒಬ್ಬ ಮನುಷ್ಯ ಬರುತ್ತಾನೆ, ಕಲ್ಯಾಣದ ಒಬ್ಬ ಶರಣೆ ಬರುತ್ತಾಳೆ, ವೆಲ್ಲೂರಿನ ಕುಷ್ಠರೋಗಿಗಳು ಬರುತ್ತಾರೆ. ನಮ್ಮ ಅಡುಗೆಮನೆಯೂ ಬರುತ್ತದೆ.

ಮೊದಲು ಪಾದದ ಮಾತು. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಸೇರಿದರೆ 52. ದೇಹದಲ್ಲಿರುವ ಒಟ್ಟು ಮೂಳೆಗಳು 206. ಅಂದರೆ ನಮ್ಮ ಮೂಳೆಗಳಲ್ಲಿ ಕಾಲು ಭಾಗ ಕಾಲಿನ ತುದಿಯಲ್ಲೇ ಇವೆ! ಹಿಮ್ಮಡಿಯ ಚರ್ಮದ ಕೆಳಗೆ ದೇವರು ಕೊಟ್ಟ ಮೆತ್ತೆಯೊಂದಿದೆ. ಕಿತ್ತಳೆ ತೊಳೆಯನ್ನು ಬಿಡಿಸಿದರೆ ಒಳಗೆ ಪುಟ್ಟ ಪುಟ್ಟ ರಸದ ಚೀಲಗಳು ಕಾಣುತ್ತವಲ್ಲ, ಹಾಗೆ ಕೊಬ್ಬಿನ ಸಣ್ಣ ಸಣ್ಣ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಹೆಜ್ಜೆ ಇಟ್ಟಾಗ ಅವು ಹರಡಿಕೊಂಡು ಭಾರವನ್ನು ಹಂಚಿಕೊಳ್ಳುತ್ತವೆ. ನಡುವಯಸ್ಸು ದಾಟಿದ ಮೇಲೆ ಈ ಮೆತ್ತೆ ತೆಳುವಾಗುತ್ತ, ಪುಟಿಯುವ ಗುಣವನ್ನು ಕಳೆದುಕೊಳ್ಳುತ್ತ ಬರುತ್ತದೆ. ಜೆಲ್ ಸೋಲ್ ಮಾಡುವುದು ಇದೇ ಕೆಲಸವನ್ನು. ಅದು ಭಾರವನ್ನು ಕಡಿಮೆ ಮಾಡುವುದಿಲ್ಲ, ಒಂದೇ ಕಡೆ ಚುಚ್ಚುವುದನ್ನು ನಾಲ್ಕು ಕಡೆ ಹಂಚುತ್ತದೆ.

ಇಂಥ ಹಂಚಿಕೆಯ ಉಪಾಯ ಮನುಷ್ಯನಿಗೆ ಬಹಳ ಹಿಂದೆಯೇ ಹೊಳೆದಿತ್ತು. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ಗಡಿಯ ಹಿಮಪರ್ವತದಲ್ಲಿ ಒಂದು ಶವ ಸಿಕ್ಕಿತು. ಅವನು ಸುಮಾರು 5300 ವರ್ಷಗಳ ಹಿಂದೆ ಸತ್ತವನು. ಹಿಮದಲ್ಲಿ ಕೆಡದೆ ಉಳಿದಿದ್ದ. ಅವನ ಕಾಲಲ್ಲಿ ಕರಡಿಯ ಚರ್ಮದ ಅಟ್ಟೆ, ಜಿಂಕೆಯ ಚರ್ಮದ ಮೇಲ್ಹೊದಿಕೆ ಇದ್ದ ಪಾದರಕ್ಷೆ. ಒಳಗೆ ನಾರಿನ ಬಲೆ ಕಟ್ಟಿ, ಅದರ ತುಂಬ ಒಣಹುಲ್ಲನ್ನು ಮೆತ್ತಗೆ ತುರುಕಿದ್ದರು. ಚಳಿಗೂ ಆಯಿತು, ಕಲ್ಲಿಗೂ ಆಯಿತು. ಈ ಹುಲ್ಲಿಗೂ ನಮ್ಮ ಔಷಧದಂಗಡಿಯ ನೀಲಿ ಜೆಲ್‌ಗೂ ಕೆಲಸ ಒಂದೇ.

ನಮ್ಮ ನಾಡಿನಲ್ಲಿ ಅಷ್ಟು ಚಳಿಯಿಲ್ಲ, ಬರಿಗಾಲೇ ನಡೆದೀತು. ಆದರೂ ಕಾಲಿಗೆ ಹಾಕುವ ವಸ್ತುವಿಗೆ ಕನ್ನಡದಲ್ಲಿ ಹೆಸರುಗಳು ಎಷ್ಟಿವೆ ನೋಡಿ. ಕೆರ, ಮೆಟ್ಟು, ಎಕ್ಕಡ, ಜೋಡು, ಹಾವುಗೆ, ಪಾದುಕೆ. ಗುರುವಿನ ಕಾಲಲ್ಲಿದ್ದರೆ ಪಾದುಕೆ, ಅದಕ್ಕೆ ಪೂಜೆ. ಬೇರೆಯವರ ಕಾಲಲ್ಲಿದ್ದರೆ ಎಕ್ಕಡ, ಅದು ಬೈಗುಳ. ಹಳೆಯ ಮನೆತನಗಳಲ್ಲಿ ಹೆಂಗಸು ಚಪ್ಪಲಿ ಮೆಟ್ಟಿ ಹಿರಿಯರೆದುರು ನಡೆದರೆ ಅದು ಸೊಕ್ಕು ಎನಿಸಿಕೊಳ್ಳುತ್ತಿತ್ತು. ಇದಕ್ಕಿಂತ ಕ್ರೂರವಾದದ್ದು ಇನ್ನೊಂದು. ಸತ್ತ ದನದ ಚರ್ಮವನ್ನು ಹದ ಮಾಡಿ ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟವರು, ಮೇಲ್ಜಾತಿಯವರ ಬೀದಿಗೆ ಬಂದಾಗ ತಮ್ಮ ಮೆಟ್ಟನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯಬೇಕಿತ್ತು. ಮಾಡಿದವರ ಕಾಲಿಗೇ ಮಾಡಿದ ವಸ್ತುವಿನ ಹಕ್ಕಿಲ್ಲ.

ಈ ಲೆಕ್ಕವನ್ನು ಹನ್ನೆರಡನೆಯ ಶತಮಾನದಲ್ಲೇ ತಲೆಕೆಳಗು ಮಾಡಿದ ಕಥೆಯೊಂದು ನಮ್ಮ ಹಳ್ಳಿಹಳ್ಳಿಯ ಬಾಯಲ್ಲಿದೆ. ಕಲ್ಯಾಣದಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಹರಳಯ್ಯ ಬಸವಣ್ಣನವರಿಗೆ "ಶರಣು" ಎಂದನಂತೆ. ಬಸವಣ್ಣನವರು "ಶರಣು ಶರಣಾರ್ಥಿ" ಎಂದು ಒಂದಕ್ಕೆರಡಾಗಿ ಹಿಂದಿರುಗಿಸಿದರಂತೆ. ಆ ಋಣ ತೀರಿಸುವುದು ಹೇಗೆಂದು ಹರಳಯ್ಯನೂ ಅವನ ಹೆಂಡತಿ ಕಲ್ಯಾಣಮ್ಮನೂ ಯೋಚಿಸಿ, ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಮಾಡಿದರು. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು. ಕಥೆ ಹೇಳುವವರು ಹರಳಯ್ಯನ ತೊಡೆಯನ್ನು ಮರೆಯುವುದಿಲ್ಲ. ಜೋಡಿಯ ಇನ್ನೊಂದು ಚಮ್ಮಾವುಗೆ ಕಲ್ಯಾಣಮ್ಮನ ತೊಡೆಯದು ಎಂಬುದನ್ನು ಮಾತ್ರ ಒಂದು ಮಾತಿನಲ್ಲಿ ದಾಟಿಸಿಬಿಡುತ್ತಾರೆ. ನಾವು ಹೆಂಗಸರು ಕೇಳುವಾಗ ಆ ಮಾತಿನ ಹತ್ತಿರ ಸ್ವಲ್ಪ ನಿಲ್ಲುವುದು ಒಳ್ಳೆಯದು.

ಬರಿಗಾಲಲ್ಲೇ ನೂರಾರು ವರ್ಷ ಬಾಳಿದ ನಮ್ಮ ಹೆಂಗಸರಿಗೆ ಈಗೇಕೆ ಮೆತ್ತೆ ಬೇಕಾಯಿತು? "ನಮ್ಮ ಕಾಲದಲ್ಲಿ ಈ ಹಿಮ್ಮಡಿ ನೋವೆಲ್ಲ ಎಲ್ಲಿತ್ತು?" ಎನ್ನುವ ಅಜ್ಜಿಯಂದಿರ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಅವರ ಕಾಲದ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಒಲೆ ನೆಲದ ಮೇಲೆ, ಈಳಿಗೆಮಣೆ ನೆಲದ ಮೇಲೆ, ಒರಳು ನೆಲದಲ್ಲಿ ಹೂತದ್ದು. ಹೆಚ್ಚುವುದು, ರುಬ್ಬುವುದು, ಬೇಯಿಸುವುದು, ಬಡಿಸಿ ಉಣ್ಣುವುದು ಎಲ್ಲವೂ ಕೂತೇ. ನೆಲವಾದರೂ ಸಗಣಿ ಸಾರಿಸಿದ ಮಣ್ಣಿನದು. ಹಾಗೆಂದು ಅದನ್ನು ಸ್ವರ್ಗವೆನ್ನುತ್ತಿಲ್ಲ. ಆ ಒಲೆಯ ಹೊಗೆ ಎಷ್ಟು ಕಣ್ಣುಗಳನ್ನು ತಿಂದಿತೋ, ಎಷ್ಟು ಎದೆಗಳನ್ನು ಕೆಡಿಸಿತೋ! ಆದರೆ ಹಿಮ್ಮಡಿಗಳನ್ನು ಅದು ಕಾಡಲಿಲ್ಲ.

1965ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಇಂಡೇನ್ ಹೆಸರಿನಲ್ಲಿ ಅಡುಗೆ ಅನಿಲವನ್ನು ತಂದಿತು. ಗ್ಯಾಸ್ ಬಂದರೆ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಅದು ಸುರಕ್ಷತೆಯ ನಿಯಮ. ಹೀಗಾಗಿ ಮನೆಮನೆಯಲ್ಲೂ ಅಡುಗೆಕಟ್ಟೆ ಎದ್ದಿತು. ಕಟ್ಟೆ ಎದ್ದ ದಿನವೇ ಹೆಂಗಸೂ ಎದ್ದು ನಿಂತಳು, ಆಮೇಲೆ ಕೂರಲಿಲ್ಲ. ಮಿಕ್ಸಿ ಕಟ್ಟೆಯ ಮೇಲೆ ಬಂತು, ಗ್ರೈಂಡರ್ ಬಂತು, ಪಾತ್ರೆ ತೊಳೆಯುವ ಸಿಂಕೂ ಅಲ್ಲೇ ಬಂತು. ಕಾಲಡಿಯ ನೆಲವೂ ಬದಲಾಯಿತು. ಮಣ್ಣು ಹೋಗಿ ಕಡಪ ಕಲ್ಲು, ಕೆಂಪು ರೆಡ್ ಆಕ್ಸೈಡ್, ಮೊಸಾಯಿಕ್, ಗ್ರಾನೈಟ್, ಈಗ ಕನ್ನಡಿಯಂತೆ ಹೊಳೆಯುವ ಟೈಲ್ಸ್. ಒರೆಸಲು ಸುಲಭ, ನೋಡಲು ಚಂದ. ಆದರೆ ಮಡಿಯ ಕಾರಣಕ್ಕೆ ಅಡುಗೆಮನೆಯಲ್ಲಿ ಚಪ್ಪಲಿ ನಿಷಿದ್ಧ. ಕಲ್ಲಿನಂಥ ನೆಲದ ಮೇಲೆ ಬರಿಗಾಲಲ್ಲಿ ದಿನಕ್ಕೆ ನಾಲ್ಕೈದು ಗಂಟೆ ನಿಲ್ಲುವುದು ನಮ್ಮ ಮುತ್ತಜ್ಜಿಯರಿಗೆ ಗೊತ್ತಿಲ್ಲದ ಹೊಸ ಕೆಲಸ.

ಮನೆಯ ಹೊರಗೂ ಇದೇ ನಡೆಯಿತು. ನಮ್ಮ ಅಬ್ಬಿಗೆರೆ ಕೆರೆ, ಹೊಲ, ತೋಟಗಳ ಹಳ್ಳಿಯಾಗಿತ್ತು. ನೆರೆಯ ಜಾಲಹಳ್ಳಿಗೆ 1953ರಲ್ಲಿ ಎಚ್.ಎಂ.ಟಿ. ಬಂತು, 1954ರಲ್ಲಿ ಬಿ.ಇ.ಎಲ್. ಬಂತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್.ಎಂ.ಟಿ. ಕೈಗಡಿಯಾರಗಳು ಶುರುವಾದವು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಭಾಗಗಳನ್ನು ಜೋಡಿಸುತ್ತಿದ್ದ ಹೆಣ್ಣುಮಕ್ಕಳು ಅಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಕೈ ನಡುಗಿದರೆ ಗಡಿಯಾರ ಕೆಡುತ್ತದೆ, ಆದ್ದರಿಂದ ಕುರ್ಚಿ ಬೇಕೇ ಬೇಕು. ಆ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಷ್ಟರಲ್ಲಿ ಪೀಣ್ಯ ಬೆಳೆದು, ಅಬ್ಬಿಗೆರೆಯ ಹೊಲಗಳಲ್ಲೂ ತಗಡಿನ ಶೆಡ್ಡುಗಳೆದ್ದು, ಗಾರ್ಮೆಂಟ್ಸ್ ಬಂದಿತ್ತು. ಅಲ್ಲಿ ಹೊಲಿಗೆ ಯಂತ್ರದ ಮುಂದಿನವರು ಕೂರುತ್ತಾರೆ. ಆದರೆ ಬಟ್ಟೆ ಪರೀಕ್ಷಿಸುವವರು, ಇಸ್ತ್ರಿ ಮಾಡುವವರು, ನೂಲು ಕತ್ತರಿಸುವವರು, ಪ್ಯಾಕ್ ಮಾಡುವವರು ನಿಲ್ಲುತ್ತಾರೆ, ಬೆಳಗಿನಿಂದ ಸಂಜೆಯವರೆಗೆ. ಬಟ್ಟೆ ಮಾರುವ ಕಡೆಯೂ ಹಾಗೇ. ಹಿಂದೆ ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಬಿಳಿಯ ಗಾದಿಯ ಮೇಲೆ ಮಾರುವವನೂ ಕೊಳ್ಳುವವಳೂ ಎದುರುಬದುರು ಕೂರುತ್ತಿದ್ದರು. ಗಾಜಿನ ಕೌಂಟರಿನ ಶೋರೂಮುಗಳು ಬಂದ ಮೇಲೆ ಕೌಂಟರಿನ ಆಚೆ ಸಮವಸ್ತ್ರದ ಹುಡುಗಿ ನಿಂತಳು. ನಿಂತು ನಗಬೇಕೆಂಬುದು ಆ ಕೆಲಸದ ಷರತ್ತು.

ಹೀಗೆ ನಿಂತವರ ನೋವಿಗೆ ಮದ್ದು ಹುಡುಕಿದವರು ಯಾರು? ಅಮೆರಿಕದ ಷಿಕಾಗೋ ನಗರದ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಷೋಲ್ ಎಂಬ ತರುಣ, ಬರುವ ಗಿರಾಕಿಗಳ ಸೊಟ್ಟಗಾದ ಪಾದಗಳನ್ನು ನೋಡಿ ನೋಡಿ ವೈದ್ಯಕೀಯ ಓದಿದ. 1904ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಬೂಟಿನೊಳಗೆ ಇಟ್ಟು ಪಾದದ ಕಮಾನನ್ನು ಎತ್ತಿಹಿಡಿಯುವ ಸಾಧನವೊಂದನ್ನು ಮಾಡಿದ. ಇಂದಿಗೂ ಅಂಗಡಿಗಳಲ್ಲಿ ಕಾಣುವ ಡಾಕ್ಟರ್ ಷೋಲ್ ಎಂಬ ಹೆಸರು ಅವನದೇ. ಅವನದು ಎತ್ತಿಹಿಡಿಯುವ ಸಾಧನ. ಮೆತ್ತಗಿಡುವ ವಿದ್ಯೆಯ ಮುಖ್ಯ ಪಾಠವೊಂದು ನಡೆದದ್ದು ಅಮೆರಿಕದಲ್ಲಲ್ಲ, ಬೆಂಗಳೂರಿನಿಂದ ನಾಲ್ಕೈದು ಗಂಟೆ ಪ್ರಯಾಣದ ವೆಲ್ಲೂರಿನಲ್ಲಿ.

ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಪಾದ್ರಿ ದಂಪತಿಗೆ ಹುಟ್ಟಿದವನು. ಇಂಗ್ಲೆಂಡಿನಲ್ಲಿ ಓದಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ. ಆಗ ಕುಷ್ಠರೋಗಿಗಳ ಕಾಲಿನ ಹುಣ್ಣು ಆ ರೋಗದ ಹಣೆಬರಹ, ಮಾಂಸ ತಾನಾಗಿಯೇ ಕೊಳೆಯುತ್ತದೆ ಎಂದು ಎಲ್ಲರೂ ನಂಬಿದ್ದರು. ಬ್ರ್ಯಾಂಡ್ ಮತ್ತು ಸಂಗಡಿಗರು ವರ್ಷಗಟ್ಟಲೆ ಆ ಪಾದಗಳನ್ನು ಗಮನಿಸಿದರು. ಹುಣ್ಣು ಏಳುತ್ತಿದ್ದುದು ಹೆಚ್ಚು ಒತ್ತಡ ಬೀಳುವ ಜಾಗಗಳಲ್ಲೇ. ರೋಗ ನರಗಳನ್ನು ಕೊಂದಿತ್ತು. ನೋವೇ ತಿಳಿಯದ್ದರಿಂದ ಕಲ್ಲು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ರೋಗಿ ನಡೆಯುತ್ತಲೇ ಇರುತ್ತಿದ್ದ. ನಾವಾದರೆ ಕಾಲು ನೊಂದಾಗ ಸ್ವಲ್ಪ ಕುಂಟುತ್ತೇವೆ, ಕೂರುತ್ತೇವೆ, ಭಾರವನ್ನು ಬೇರೆ ಕಡೆಗೆ ಹಾಕುತ್ತೇವೆ. ನೋವು ನಮ್ಮನ್ನು ಕಾಯುವ ಕಾವಲುಗಾರ ಎಂಬುದು ಅವರಿಗೆ ಮನವರಿಕೆಯಾಯಿತು.

ಕಾವಲುಗಾರನಿಲ್ಲದ ಪಾದಕ್ಕೆ ಏನು ಮಾಡುವುದು? ಹಲವು ಬಗೆಯ ಅಟ್ಟೆಗಳನ್ನು ಪರೀಕ್ಷಿಸಿ, ಕೊನೆಗೆ ಒಳಗೆಲ್ಲ ಸೂಕ್ಷ್ಮ ಗಾಳಿಗುಳ್ಳೆಗಳಿರುವ ಮೃದು ರಬ್ಬರನ್ನು ಆರಿಸಿದರು. ಅದೇ ಮೈಕ್ರೋಸೆಲ್ಯುಲರ್ ರಬ್ಬರ್. ಆಸ್ಪತ್ರೆಗಳಲ್ಲಿ ಇಂದು ಎಂ.ಸಿ.ಆರ್. ಎಂದು ಕರೆಯುವುದು ಇದನ್ನೇ. ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಎಷ್ಟೋ ವೇಳೆ ಹಳೆಯ ಟೈರಿನದು, ಮೇಲೆ ಎಂ.ಸಿ.ಆರ್. ಹಾಸು. ಮೊಳೆ ಹೊಡೆಯುವಂತಿಲ್ಲ. ವೆಲ್ಲೂರಿನ ಬಳಿಯ ಕರಿಗಿರಿಯ ಆಸ್ಪತ್ರೆಯಿಂದ ಈ ಚಪ್ಪಲಿ ದೇಶವೆಲ್ಲ ಹರಡಿತು. ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ ಸರ್ಕಾರವೂ ಇದನ್ನು ಕೊಡುತ್ತ ಬಂದಿದೆ. ಆದರೆ ಅದರ ಕಪ್ಪು ಬಣ್ಣ, ಅಗಲ ಪಟ್ಟಿ ನೋಡಿದೊಡನೆ ಜನ ರೋಗವನ್ನು ಗುರುತಿಸುತ್ತಾರೆಂದು ಎಷ್ಟೋ ರೋಗಿಗಳು, ಅದರಲ್ಲೂ ಹೆಂಗಸರು, ಅದನ್ನು ಮನೆಯಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಡುತ್ತಿದ್ದರು. ಮೆತ್ತನೆಯ ಚಪ್ಪಲಿಯನ್ನು ಮಾಡಿಕೊಟ್ಟರೂ ಬೀದಿಯ ಕಣ್ಣುಗಳನ್ನು ಮೆತ್ತಗೆ ಮಾಡಲಾಗಲಿಲ್ಲ.

ಜೆಲ್ ಬಂದದ್ದೂ ಕಾಯಿಲೆಯವರ ಹಾದಿಯಲ್ಲೇ. ಹಾಸಿಗೆ ಹಿಡಿದವರಿಗೆ ಬೆನ್ನಿನ ಕೆಳಗೆ ಒತ್ತುಹುಣ್ಣಾಗುತ್ತದೆ. ಅದನ್ನು ತಪ್ಪಿಸಲು ಅಮೆರಿಕದ ವೈದ್ಯ ವೇಮನ್ ಸ್ಪೆನ್ಸ್ ಮತ್ತು ಸಂಗಡಿಗರು ಜೆಲ್ ತುಂಬಿದ ಮೆತ್ತೆಯನ್ನು ಬಳಸಿ, 1967ರಲ್ಲಿ ಅದರ ಬಗ್ಗೆ ಬರೆದರು. ಸ್ಪೆನ್ಸ್ ಕಟ್ಟಿದ ಕಂಪನಿಯೇ ಮುಂದೆ ಓಟಗಾರರ ಬೂಟಿಗೆ ಒಳಮೆತ್ತೆ ಮಾಡಿ ಹೆಸರಾಯಿತು. 1986ರಲ್ಲಿ ಜಪಾನಿನ ಏಸಿಕ್ಸ್ ಕಂಪನಿ ಬೂಟಿನ ಅಟ್ಟೆಯೊಳಗೇ ಜೆಲ್ ಇಟ್ಟು ಮಾರಿತು. ರೋಗಿಯಿಂದ ಓಟಗಾರನಿಗೆ, ಓಟಗಾರನಿಂದ ಪೇಟೆಗೆ. ಇಡೀ ದಿನ ನಿಂತು ದುಡಿಯುವ ಹೆಂಗಸಿನ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ.

ಸರಿ, ಇದರಿಂದ ಪ್ರಯೋಜನವುಂಟೆ? ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಗೆ ಮೊಳೆ ಹೊಡೆದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ತಗ್ಗುವ ನೋವು ನಮ್ಮಲ್ಲಿ ಅನೇಕರಿಗೆ ಗೊತ್ತು. ಅಂಗಾಲಿನ ಉದ್ದಕ್ಕೂ ಹಬ್ಬಿದ ಪೊರೆಯಂಥ ಪಟ್ಟಿ ಹಿಮ್ಮಡಿಯ ಮೂಳೆಗೆ ಅಂಟುವ ಕಡೆ ಹಾನಿಯಾಗುವುದೇ ಇದಕ್ಕೆ ಸಾಮಾನ್ಯ ಕಾರಣ. 1999ರಲ್ಲಿ ಅಮೆರಿಕದಲ್ಲಿ ಇಂಥ 236 ಜನರನ್ನು ಗುಂಪು ಮಾಡಿ ಎಂಟು ವಾರ ನೋಡಿದರು. ಎಲ್ಲರಿಗೂ ಮೀನಖಂಡವನ್ನೂ ಅಂಗಾಲನ್ನೂ ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರು. ವ್ಯಾಯಾಮದ ಜೊತೆಗೆ ಸಿದ್ಧ ಸಿಲಿಕೋನ್ ಹಿಮ್ಮಡಿ ಮೆತ್ತೆ ಇಟ್ಟುಕೊಂಡವರಲ್ಲಿ ನೂರಕ್ಕೆ 95 ಜನಕ್ಕೆ ನೋವು ತಗ್ಗಿತು. ಬರೀ ವ್ಯಾಯಾಮ ಮಾಡಿದವರಲ್ಲಿ 72 ಜನಕ್ಕೆ. ಪಾದದ ಅಚ್ಚು ತೆಗೆದು ದುಬಾರಿ ಬೆಲೆಗೆ ಮಾಡಿಸಿಕೊಂಡ ಅಟ್ಟೆಯವರಲ್ಲಿ 68 ಜನಕ್ಕೆ! ಎರಡು ಪಾಠ ಇಲ್ಲಿವೆ. ದುಬಾರಿಯದೇ ಬೇಕೆಂದಿಲ್ಲ, ವ್ಯಾಯಾಮವೊಂದರಿಂದಲೇ ಮುಕ್ಕಾಲುಪಾಲು ಜನಕ್ಕೆ ಗುಣ ಕಾಣುತ್ತದೆ. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗುವುದಕ್ಕೆ ಯಾರಿಗೂ ಕಾಸು ಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನಂತೂ ಹೇಳಲೇಬೇಕು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆಯಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ತಿಳಿಸಿತು. ಈ ಕಾಯಿಲೆ ಹಳೆಯದಾದರೆ ಪಾದ ಜೋಮು ಹಿಡಿದು, ಬ್ರ್ಯಾಂಡ್ ಕಂಡ ರೋಗಿಗಳಂತೆಯೇ ನೋವು ತಿಳಿಯದಾಗುತ್ತದೆ. ಅಂಥವರು ಅಂಗಡಿಯಲ್ಲಿ ಕಂಡ ಜೆಲ್ಲನ್ನು ತಾವೇ ತುರುಕಿಕೊಂಡು, ಬಿಗಿಯಾದ ಬೂಟಿನಲ್ಲಿ ನಡೆಯಬಾರದು. ವೈದ್ಯರನ್ನು ಕೇಳಿ ಅಳತೆಯ ಚಪ್ಪಲಿ ಹಾಕಬೇಕು, ರಾತ್ರಿ ಮಲಗುವ ಮುನ್ನ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು.

ಉಳಿದವರ ತೊಂದರೆ ಬೇರೆ. ಜೆಲ್ ಸೋಲ್ ಮಾಡಿರುವುದು ಮುಚ್ಚಿದ ಬೂಟಿಗೆ. ನಮ್ಮದು ಸೀರೆಯ ಕೆಳಗಿನ ತೆರೆದ ಚಪ್ಪಲಿ, ಅದರಲ್ಲಿಟ್ಟರೆ ಬಸ್ಸು ಹತ್ತುವಷ್ಟರಲ್ಲಿ ಜಾರಿಹೋಗುತ್ತದೆ. ಬೂಟನ್ನೇ ಹಾಕೋಣವೆಂದರೆ ಕಾಲುಂಗುರ ಒತ್ತುತ್ತದೆ. ಕಾಲುಂಗುರ ತೆಗೆಯೋಣವೆಂದರೆ ಅತ್ತೆಯವರಿಗಿಂತ ಮೊದಲು ನಮ್ಮ ಮನಸ್ಸೇ ಒಪ್ಪುವುದಿಲ್ಲ. ನಮ್ಮ ಕಡೆ ಇದಕ್ಕೆ ಉತ್ತರ ಕಂಡುಕೊಂಡವರು ರಸ್ತೆ ಬದಿಯಲ್ಲಿ ಕೊಡೆ ನೆಟ್ಟುಕೊಂಡು ಕೂರುವ ಚಪ್ಪಲಿ ಹೊಲಿಯುವವರು. ರಂಪಿಗೆಯಿಂದ ಮೃದು ರಬ್ಬರಿನ ಹಾಳೆಯನ್ನು ಕೊಯ್ದು, ಹಿಮ್ಮಡಿಯ ಕಡೆ ಎರಡು ಪದರ ಅಂಟಿಸಿ, ಮೇಲೆ ತೆಳುವಾದ ಹೊದಿಕೆ ಹಾಕಿಕೊಡುತ್ತಾರೆ. ಹರಳಯ್ಯ ಕಲ್ಯಾಣಮ್ಮರ ಕುಲಕಸುಬು ಇಂದಿಗೂ ಉಪಕಾರ ಮಾಡುತ್ತಲೇ ಇದೆ, ನಾವು ಚೌಕಾಸಿ ಮಾಡುತ್ತಲೇ ಇದ್ದೇವೆ.

ಅಡುಗೆಮನೆಗೂ ದಾರಿಯಿದೆ. ಹೊರಗಿನ ಧೂಳು ಕಾಣದ ಮೃದು ಅಟ್ಟೆಯ ಚಪ್ಪಲಿಯೊಂದನ್ನು ಒಳಗಿಗೆಂದೇ ಇಟ್ಟುಕೊಳ್ಳಬಹುದು. ಅದಕ್ಕೂ ಮನಸ್ಸು ಒಪ್ಪದಿದ್ದರೆ ಕಟ್ಟೆಯ ಮುಂದೆ ದಪ್ಪ ರಬ್ಬರ್ ಚಾಪೆ ಹಾಸಿ. ತರಕಾರಿ ಹೆಚ್ಚುವಾಗ, ಬಟಾಣಿ ಸುಲಿಯುವಾಗ ಕೂರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮನೆಯಲ್ಲಿ ನಾಲ್ಕು ಕುರ್ಚಿಗಳಿದ್ದರೂ ಒಂದೂ ಅಡುಗೆಮನೆಯಲ್ಲಿ ಇರುವುದಿಲ್ಲ. ಒಂದು ಎತ್ತರದ ಸ್ಟೂಲನ್ನು ಒಳಗೆ ತನ್ನಿ.

ಕಾರ್ಖಾನೆಯ ಕುರ್ಚಿಗೆ ಕಾನೂನಿನ ಬಲವೇ ಇದೆ. 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮು, ನಿಂತು ಕೆಲಸ ಮಾಡಬೇಕಾದವರಿಗೆ ನಡುನಡುವೆ ವಿರಮಿಸಲು ಆಸನ ಒದಗಿಸಬೇಕೆಂದು ಹೇಳಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿದೆ. ಅಂಗಡಿಯವರ ವಿಷಯದಲ್ಲಿ ಕೇರಳದ ಹೆಂಗಸರು ಒಂದು ಹೆಜ್ಜೆ ಮುಂದೆ ಹೋದರು. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳಲ್ಲಿ ದಿನವೆಲ್ಲ ನಿಲ್ಲುತ್ತಿದ್ದವರನ್ನು, ತಾನೂ ದರ್ಜಿಯಾಗಿ ದುಡಿದ ವಿಜಿ ಎಂಬಾಕೆ ಸಂಘಟಿಸಿದಳು. ಬಹುವರ್ಷಗಳ ಹೋರಾಟದ ನಂತರ 2018ರಲ್ಲಿ ಕೇರಳ ಸರ್ಕಾರ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆಯಿತು. 2021ರಲ್ಲಿ ತಮಿಳುನಾಡು ಅದನ್ನೇ ಅನುಸರಿಸಿತು. ಕೂರುವುದಕ್ಕೂ ಹೋರಾಡಬೇಕೇ ಎಂದು ನಗು ಬರಬಹುದು. ಎಂಟು ಗಂಟೆ ನಿಂತು ನೋಡಿದವರಿಗೆ ನಗು ಬರುವುದಿಲ್ಲ.

ಜೆಲ್ ಸೋಲ್ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ನೋವಿದ್ದರೆ ಕೊಳ್ಳಿ, ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಚಪ್ಪಟೆಯಾದ ಮೇಲೆ ಬದಲಾಯಿಸಿ. ಮಕ್ಕಳ ಶಾಲೆಯ ಬೂಟಿಗೆ, ಗಂಡನ ವಾಕಿಂಗ್ ಬೂಟಿಗೆ ಲೆಕ್ಕ ನೋಡದೆ ಕೊಡುವ ಹಣದಲ್ಲಿ ಒಂದಿಷ್ಟು ನಿಮ್ಮ ಹಿಮ್ಮಡಿಗೂ ಇರಲಿ. ಆದರೆ ಮುಂದಿನ ಸಲ ಸೀರೆ ಅಂಗಡಿಗೆ ಹೋದಾಗ ಕೌಂಟರಿನ ಆಚೆ ನಿಂತ ಹುಡುಗಿಯ ಕಾಲಿನ ಕಡೆಗೊಮ್ಮೆ ನೋಡಿ. "ನನಗೆ ಅವಸರವಿಲ್ಲ, ಸ್ವಲ್ಪ ಕೂತ್ಕೊಳಮ್ಮ" ಎನ್ನಿ. ಕೂರುವ ಮೊದಲು ಅವಳು ಯಾರ ಮುಖ ನೋಡುತ್ತಾಳೆ ಎಂಬುದನ್ನೂ ಗಮನಿಸಿ.